ಚೌಪದಿ ಓದಿದರೂ ಸಭೆ ನಗದಿದ್ದರೆ

ಡೊಂಬಿವಲಿಯ ಕನ್ನಡ ಸಂಘದಲ್ಲಿ ಚುಟುಕ ಕವಿ ದಿನಕರ ದೇಸಾಯಿಯವರ ಕುರಿತು ಮಾಡಬೇಕಾದ ಹತ್ತು ನಿಮಿಷದ ಭಾಷಣದ ಅಭ್ಯಾಸದಲ್ಲಿ ಮನೆಯವರು ನಗದಿರಲು, ನೀವು ಸಾಲಾಗಿ ಓದಿದ ಅವರ ಹದಿನೈದು ಚೌಪದಿಗಳೇ (ನಾಲ್ಕು ಸಾಲಿನ ಚುಟುಕಗಳೇ) ಕಾರಣವೆಂದು ತೋರುತ್ತದೆ. ನಿಮ್ಮ ಓದನ್ನು ಕೇಳದೆ ಖಚಿತವಾಗಿ ಹೇಳಲಾರೆ. ಆದರೆ ಚೌಪದಿಯ ಪೆಟ್ಟು ಹೆಚ್ಚಾಗಿ ಕೊನೆಯ ಸಾಲಿನಲ್ಲಿರುವುದರಿಂದ, ಒಂದರ ಬೆನ್ನಿಗೇ ಇನ್ನೊಂದನ್ನು ಓದಿದಾಗ ಅದು ತಾಗುವ ಮೊದಲೇ ಮುಂದಿನ ಪದ್ಯ ಬಂದುಬಿಡುತ್ತದೆ.

ಮೊದಲು ಐದನ್ನಷ್ಟೇ ಉಳಿಸಿಕೊಳ್ಳಿ. ಬಳಿಕ ಪ್ರತಿಯೊಂದಕ್ಕೂ ಮುನ್ನ ಅದು ಯಾರನ್ನು ಕುಟುಕುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಿ, ಕೊನೆಯ ಸಾಲಿನ ಮುಂಚೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ.

ಜೀವನದ ವಿವರಗಳನ್ನು ಕಡಿಮೆ ಮಾಡಿ. 1967ರ ಲೋಕಸಭಾ ಸದಸ್ಯತ್ವಕ್ಕೆ ಒಂದು ಮಾತು ಸಾಕು. ಆದರೆ 1909ರಲ್ಲಿ ಅಂಕೋಲೆಯ ಅಲಗೇರಿಯಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಎಂಬ ಸೇವಾಸಂಸ್ಥೆಯ ಮೂಲಕ ಹಡಗು ಕಾರ್ಮಿಕರ ನಡುವೆ ದುಡಿದದ್ದನ್ನೂ, ಉತ್ತರ ಕನ್ನಡದ ರೈತರಿಗಾಗಿ ಹೋರಾಡಿದ್ದನ್ನೂ, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದದ್ದನ್ನೂ ದಯವಿಟ್ಟು ಬಿಡಬೇಡಿ, ಏಕೆಂದರೆ ಅವರ ವ್ಯಂಗ್ಯದ ಹಿಂದಿನ ನೋವು ಬಂದದ್ದು ಅಲ್ಲಿಂದಲೇ.

ಮೊಬೈಲಿನಲ್ಲಿ ಹರಿದಾಡುವ ಚುಟುಕಗಳಲ್ಲಿ ಬೇರೆಯವರವೂ ಸೇರಿರಬಹುದಾದ್ದರಿಂದ, ಆರಿಸಿದ ಐದನ್ನೂ ಅಚ್ಚಾದ ‘ದಿನಕರನ ಚೌಪದಿ’ಯೊಡನೆ ತಾಳೆ ನೋಡಿಕೊಳ್ಳಿ.