ಎರಡು ಮಹಾಯುದ್ಧಗಳ ನಡುವೆ ಜಪಾನ್ ತನ್ನ ಡಿಸ್ಟ್ರಾಯರ್‌ಗಳಲ್ಲಿ ಅಷ್ಟೊಂದು ಶಸ್ತ್ರ ತುಂಬಿದ್ದೇಕೆ?

ದೊಡ್ಡ ಹಡಗುಗಳ ಕೊರತೆಯನ್ನು ಡಿಸ್ಟ್ರಾಯರ್‌ನಂಥ ಸಣ್ಣ, ವೇಗದ ಯುದ್ಧನೌಕೆಗಳಿಂದ ನೀಗಿಸಿಕೊಳ್ಳಲು. ನೌಕಾಪಡೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಅಮೆರಿಕ, ಬ್ರಿಟನ್‌ಗೆ ತಲಾ ಐದು ಪಾಲು ಬ್ಯಾಟಲ್‌ಶಿಪ್ (ಭಾರಿ ಯುದ್ಧನೌಕೆ) ಸಿಕ್ಕರೆ ಜಪಾನ್‌ಗೆ ಸಿಕ್ಕಿದ್ದು ಮೂರೇ ಪಾಲು. ಪೆಸಿಫಿಕ್ ದಾಟಿ ಬರುವ ಅಮೆರಿಕದ ಪಡೆಯನ್ನು ಮುಖ್ಯ ಕಾಳಗಕ್ಕೆ ಮುಂಚೆಯೇ, ರಾತ್ರಿ ಹೊತ್ತು ಟಾರ್ಪಿಡೊ (ನೀರಿನಡಿ ಸಾಗಿ ಹಡಗಿಗೆ ಬಡಿಯುವ ಸಿಡಿತಲೆ) ಬಿಟ್ಟು ಸೊರಗಿಸಬೇಕು ಎಂಬುದು ಅವರ ಲೆಕ್ಕಾಚಾರ. ಆ ಕೆಲಸದ ದೊಡ್ಡ ಪಾಲು ಡಿಸ್ಟ್ರಾಯರ್‌ಗಳ ಹೆಗಲಿಗೆ ಬಿತ್ತು.

1928ರಲ್ಲಿ ಸೇವೆಗಿಳಿದ ‘ಫುಬುಕಿ’ ಡಿಸ್ಟ್ರಾಯರನ್ನೇ ನೋಡಿ: 127 ಮಿ.ಮೀ.ನ ಆರು ಫಿರಂಗಿಗಳು, ಅವಕ್ಕೆ ಸುತ್ತಲೂ ಮುಚ್ಚಿದ ಗೂಡು, ಜೊತೆಗೆ 610 ಮಿ.ಮೀ. ವ್ಯಾಸದ ಒಂಬತ್ತು ಟಾರ್ಪಿಡೊ ಕೊಳವೆಗಳು. ಆ ಕಾಲಕ್ಕೆ ಇದು ಅತಿಯೇ ಸರಿ, ಅದಕ್ಕೆ ದಂಡವನ್ನೂ ತೆತ್ತರು. ತೂಕ ಉಳಿಸಲು ಒಡಲನ್ನು ಹಗುರಮಾಡಿದ್ದರು, ಮೇಲೆ ಭಾರ ಹೇರಿದ್ದರು. 1935ರ ಸೆಪ್ಟೆಂಬರ್‌ನಲ್ಲಿ ಟೈಫೂನ್‌ಗೆ ಸಿಕ್ಕಿ ಇದೇ ವರ್ಗದ ‘ಹತ್ಸುಯುಕಿ’, ‘ಯುಗಿರಿ’ ಹಡಗುಗಳ ಮುಂಭಾಗವೇ ಮುರಿದುಹೋಯಿತು. ಆಮೇಲೆ ಒಡಲನ್ನು ಬಲಪಡಿಸಿ, ಮೇಲಿನ ಭಾರ ಇಳಿಸಿದರು. ಟಾರ್ಪಿಡೊ ಹಂಬಲ ಮಾತ್ರ ಇಳಿಯಲಿಲ್ಲ: ಶುದ್ಧ ಆಮ್ಲಜನಕ ಬಳಸುವ, ನೀರಿನಲ್ಲಿ ಗುಳ್ಳೆಗಳ ಜಾಡು ಅಷ್ಟಾಗಿ ಬಿಡದ ‘ಟೈಪ್ 93’ ಟಾರ್ಪಿಡೊ ಬಂದದ್ದೂ ಅದೇ ದಶಕದಲ್ಲಿ.