ಲಾರಿ ಹತ್ತದ ಬೀದಿಗೆ ಮನೆ ಸಾಮಾನು

ಪ್ರಶ್ನೆ: ನಮ್ಮ ಹೊಸ ಮನೆ ಕಡಿದಾದ ಏರಿನಲ್ಲಿದೆ. ಬೀದಿಯೂ ಇಕ್ಕಟ್ಟು. ಸಾಮಾನು ಸಾಗಿಸುವವರು ಫೋನಿನಲ್ಲೇ ದರ ಹೇಳಿ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಈಗಲೇ ಬೇಡ. ಬೀದಿ ನೋಡದೆ ಹೇಳಿದ ದರವನ್ನು ನಾನಂತೂ ನಂಬುವುದಿಲ್ಲ. ಬಂದು ನೋಡಿ ಅನ್ನಿ. ಬರದಿದ್ದರೆ ತಿರುವಿನಿಂದ ಬಾಗಿಲವರೆಗೆ ವಿಡಿಯೊ ಮಾಡಿ ಕಳಿಸಿ. ವಿಡಿಯೊದಲ್ಲಿ ಏರು ಸಪಾಟಾಗಿ ಕಾಣುತ್ತದೆ, ಬಾಯಲ್ಲೂ ಹೇಳಿ. ಟೇಪು ಹಿಡಿದು ಬೀದಿಯ ಅತಿ ಇಕ್ಕಟ್ಟಿನ ಜಾಗ ಅಳೆಯಿರಿ. ಅದೂ ಬೈಕುಗಳೆಲ್ಲ ನಿಂತಿರುವ ಹೊತ್ತಿನಲ್ಲಿ. ಖಾಲಿ ಬೀದಿಯ ಅಳತೆ ಯಾರಿಗೆ ಬೇಕು? ಜೋತುಬಿದ್ದ ತಂತಿಗಳನ್ನೂ ನೋಡಿಕೊಳ್ಳಿ.

ಲಾರಿ ಕೆಳಗೇ ನಿಂತರೆ ಮುಂದಕ್ಕೆ ಚಿಕ್ಕ ಗಾಡಿಯೋ, ಹೆಗಲೋ? ಹೊರುವ ದೂರಕ್ಕೆ, ಮೆಟ್ಟಿಲಿಗೆ ಬೇರೆ ದುಡ್ಡಾ? ಇದನ್ನೆಲ್ಲ ಕೇಳಿ ಬರೆಸಿಕೊಂಡ ಮೇಲೆ ಮುಂಗಡ ಕೊಡಿ.

ನನಗೆ ಜಾಸ್ತಿ ಹೆದರಿಕೆ ವಾಷಿಂಗ್ ಮೆಷಿನ್‌ದೇ. ಮುಂದೆ ಬಾಗಿಲಿರುವ ಮೆಷಿನ್ ಆದರೆ, ಹೊಸದರಲ್ಲಿ ಬಿಚ್ಚಿಟ್ಟ ಟ್ರಾನ್ಸಿಟ್ ಬೋಲ್ಟ್‌ಗಳನ್ನು (ಸಾಗಿಸುವಾಗ ಡ್ರಮ್ ಅಲುಗಾಡದಂತೆ ಹಿಡಿಯುವ ಬೋಲ್ಟ್‌ಗಳು) ಹುಡುಕಿ ಹಿಂಬದಿಗೆ ಹಾಕಿಸಿ. ಇಲ್ಲದಿದ್ದರೆ ಕುಲುಕಾಟಕ್ಕೆ ಒಳಗಿನ ಡ್ರಮ್ ಜಖಂ ಆಗಬಹುದು. ಗಾಡಿಯ ಮೂತಿ ಏರಿನ ಕಡೆಗಿದ್ದರೆ ಸಾಮಾನೆಲ್ಲ ಹಿಂಬಾಗಿಲಿಗೆ ಜರುಗಿ ಒರಗಿರುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕಕ್ಕೆ ನಿಂತು, ಬಾಗಿಲನ್ನು ಮೆಲ್ಲಗೆ ತೆಗೆಯಲು ಹೇಳಿ. ಹ್ಯಾಂಡ್‌ಬ್ರೇಕ್ ಸಾಕು ಅನ್ನುವ ಚಾಲಕ ಸಿಕ್ಕರೆ ಕಲ್ಲು ನೀವೇ ಇಡಿ.