ಓದುಗರ ಪ್ರಶ್ನೆ: 1921ರಲ್ಲೇ ಕೋಚ್ ಆಗಿದ್ದ ಫ್ರಿಟ್ಜ್ ಪೊಲಾರ್ಡ್

ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುತ್ತಾ ಫ್ರಿಟ್ಜ್ ಪೊಲಾರ್ಡ್ ಎಂಬ ಹೆಸರನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆ. ಅವರು ಯಾರು, ಏನು ಕಥೆ ಎಂದು ಕೇಳಿ ಪತ್ರಗಳು ಬಂದಿವೆ. ನನಗೆ ತುಂಬಾ ಖುಷಿಯಾಯಿತು. ಈ ಮನುಷ್ಯನ ಬಗ್ಗೆ ಎರಡು ಸಾಲು ಖಂಡಿತ ಸಾಲದು. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ (ಹಾಸನದಿಂದ): ಎನ್‌ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಮೊದಲ ಕಪ್ಪು ವರ್ಣೀಯ ಕೋಚ್ 1989ರಲ್ಲಿ ಬಂದ ಆರ್ಟ್ ಶೆಲ್ ಅಂತ ಟೆಕ್ಸಾಸ್‌ನಲ್ಲಿರುವ ನನ್ನ ಮಗ ಹೇಳುತ್ತಾನೆ. ನೀವು 1921, ಪೊಲಾರ್ಡ್ ಅಂತ ಬರೆದಿದ್ದೀರಿ. ಯಾರದ್ದು ಸರಿ?

ಉತ್ತರ: 1921 ಸರಿ. ಆದರೆ ನಿಮ್ಮ ಮಗನನ್ನು ದೂರಬೇಡಿ, ಅಮೆರಿಕದಲ್ಲೇ ಎಷ್ಟೋ ಜನ ಹಾಗೇ ತಿಳಿದಿದ್ದರು. ಲಾಸ್ ಏಂಜಲೀಸ್ ರೈಡರ್ಸ್ ತಂಡ 1989ರಲ್ಲಿ ಆರ್ಟ್ ಶೆಲ್ ಅವರನ್ನು ಹೆಡ್ ಕೋಚ್ ಮಾಡಿತು. ಅದಕ್ಕೇ ಅವರನ್ನು ಆಧುನಿಕ ಕಾಲದ ಮೊದಲಿಗರು ಎನ್ನುತ್ತಾರೆ. ಅದಕ್ಕೂ 68 ವರ್ಷ ಹಿಂದೆ, ಒಹಾಯೊ ರಾಜ್ಯದ ಆಕ್ರನ್ ಪ್ರೋಸ್ ತಂಡದಲ್ಲಿ ಎಲ್ಜಿ ಟೋಬಿನ್ ಎಂಬವರ ಜೊತೆ ಪೊಲಾರ್ಡ್ ಕೋಚ್ ಆಗಿದ್ದರು. ಅದೇ ತಂಡದ ಹಾಫ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಮುನ್ನುಗ್ಗುವ ಆಟಗಾರ ಕೂಡ ಅವರೇ. ಅಂದರೆ ವಾರವಿಡೀ ಆಟ ಹೇಳಿಕೊಟ್ಟವರು ಭಾನುವಾರ ಚೆಂಡು ಹಿಡಿದು ತಾವೇ ಓಡುತ್ತಿದ್ದರು. ಆ ವರ್ಷ ತಂಡ 8 ಪಂದ್ಯ ಗೆದ್ದು, 3 ಸೋತು, 1 ಡ್ರಾ ಮಾಡಿಕೊಂಡಿತು.

ಆಗ ಲೀಗಿನ ಹೆಸರು ಎನ್‌ಎಫ್‌ಎಲ್ ಅಂತ ಇರಲಿಲ್ಲ. ಆ ಹೆಸರು ಬಂದಿದ್ದು 1922ರಲ್ಲಿ. ಆದರೆ ಲೀಗ್ ಅದೇ.

ಪ್ರಶ್ನೆ (ಧಾರವಾಡದಿಂದ): ಪೊಲಾರ್ಡ್ ಎಲ್ಲಿಯವರು? ಆಟಕ್ಕೆ ಬಂದಿದ್ದು ಹೇಗೆ?

ಉತ್ತರ: ಹುಟ್ಟಿದ್ದು 1894ರ ಜನವರಿ 27ರಂದು, ಶಿಕಾಗೊದಲ್ಲಿ. ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದರು, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಮಗನಿಗೆ ಇಟ್ಟ ಪೂರ್ತಿ ಹೆಸರು ಫ್ರೆಡರಿಕ್ ಡಗ್ಲಾಸ್ ಪೊಲಾರ್ಡ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಜೀವನವಿಡೀ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರ ಹೆಸರು ಅದು. ಫ್ರಿಟ್ಜ್ ಅನ್ನೋದು ಕರೆಯುವ ಹೆಸರು.

ಮನೆಯ ಸುತ್ತಮುತ್ತ ಎಲ್ಲಾ ಬಿಳಿಯರೇ ಇದ್ದ ಬಡಾವಣೆ. ಅಣ್ಣಂದಿರು ಆಡುತ್ತಿದ್ದರು, ಅವರ ಕೈಯಲ್ಲೇ ಇವರು ಕಲಿತರು. ಆಳು ದೊಡ್ಡದಲ್ಲ. 5 ಅಡಿ 9 ಇಂಚು ಎತ್ತರ, ಸುಮಾರು 75 ಕೆ.ಜಿ. ತೂಕ ಅಷ್ಟೇ. ಆದರೆ ಓಡುವಾಗ ಹಿಡಿಯೋಕೆ ಸಿಗುತ್ತಿರಲಿಲ್ಲ.

ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಹೆಸರು ಬಂತು. 1916ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರೋಸ್ ಬೌಲ್ ಎಂಬ ಕಾಲೇಜು ತಂಡಗಳ ದೊಡ್ಡ ಪಂದ್ಯ ಆಡಿದರು. ಆ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅವರು. ಮಳೆ, ಕೆಸರು, ಕಾಲೂರಲು ಆಗದಂಥ ನೆಲ. ಬ್ರೌನ್ 14-0ರಿಂದ ಸೋತಿತು. ಆದರೆ ಅದೇ ವರ್ಷದ ನವೆಂಬರ್ ನೋಡಿ: ಒಂದು ಶನಿವಾರ ಯೇಲ್ ವಿರುದ್ಧ 21-6, ಮುಂದಿನ ಶನಿವಾರ ಹಾರ್ವರ್ಡ್ ವಿರುದ್ಧ 21-0. ಆ ಕಾಲದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಯೇಲ್, ಹಾರ್ವರ್ಡ್. ಅವೆರಡನ್ನೂ ಒಂದೇ ವಾರದ ಅಂತರದಲ್ಲಿ ಮಣಿಸಿದ ತಂಡದಲ್ಲಿ ಎಲ್ಲರ ಕಣ್ಣೂ ಈ ಹುಡುಗನ ಮೇಲೇ. ವಾಲ್ಟರ್ ಕ್ಯಾಂಪ್ ಪ್ರತಿವರ್ಷ ದೇಶದ ಅತ್ಯುತ್ತಮ ಆಟಗಾರರ ಪಟ್ಟಿ ಮಾಡುತ್ತಿದ್ದರು. ಆ ವರ್ಷ ಅದರಲ್ಲಿ ಹಾಫ್‌ಬ್ಯಾಕ್ ಜಾಗಕ್ಕೆ ಪೊಲಾರ್ಡ್ ಹೆಸರು ಬಂತು.

ಆಮೇಲೆ ಮೊದಲ ಮಹಾಯುದ್ಧ. ಮೇರಿಲ್ಯಾಂಡ್‌ನ ಸೇನಾ ಶಿಬಿರವೊಂದರಲ್ಲಿ ಸೈನಿಕರಿಗೆ ದೈಹಿಕ ಶಿಕ್ಷಣ ಕೊಡುವ ಕೆಲಸ ಮಾಡಿದರು. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದ ಹುಡುಗರಿಗೂ ಕೋಚ್ ಆದರು. 1919ರಲ್ಲಿ ಆಕ್ರನ್ ಕರೆ ಬಂತು.

ಪ್ರಶ್ನೆ (ಮೈಸೂರಿನಿಂದ): ಈಗಿನ ಎನ್‌ಎಫ್‌ಎಲ್‌ನಲ್ಲಿ ಕೋಟಿ ಕೋಟಿ ಡಾಲರ್ ಓಡಾಡುತ್ತದೆ. ಶುರುವಿನಲ್ಲಿ ಹೇಗಿತ್ತು?

ಉತ್ತರ: 1920ರ ಸೆಪ್ಟೆಂಬರ್ 17. ಒಹಾಯೊದ ಕ್ಯಾಂಟನ್ ಊರಲ್ಲಿ ರಾಲ್ಫ್ ಹೇ ಎಂಬವರ ಕಾರು ಮಾರುವ ಅಂಗಡಿ. ಬಂದವರಿಗೆಲ್ಲಾ ಸಾಕಾಗುವಷ್ಟು ಕುರ್ಚಿ ಇರಲಿಲ್ಲ, ಹಾಗಾಗಿ ಕೆಲವರು ಮಾರಾಟಕ್ಕೆ ನಿಲ್ಲಿಸಿದ್ದ ಕಾರುಗಳ ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಕೂತರು. ಇಂದಿನ ಎನ್‌ಎಫ್‌ಎಲ್ ಹುಟ್ಟಿದ್ದು ಆ ಸಭೆಯಲ್ಲಿ. ಅಧ್ಯಕ್ಷರಾಗಿ 1912ರ ಒಲಿಂಪಿಕ್ಸ್‌ನಲ್ಲಿ ಮಿಂಚಿದ್ದ ಆಟಗಾರ ಜಿಮ್ ಥಾರ್ಪ್ ಅವರನ್ನು ಆರಿಸಿದರು, ಏಕೆಂದರೆ ಎಲ್ಲರಿಗೂ ಗೊತ್ತಿದ್ದ ಹೆಸರು ಅವರದ್ದೊಂದೇ.

ತಲೆಗೆ ಚರ್ಮದ ಟೋಪಿ, ಅದೂ ಇಷ್ಟ ಇದ್ದವರಿಗೆ. ಹೆಲ್ಮೆಟ್ ಕಡ್ಡಾಯ ಆಗಿದ್ದು 1943ರಲ್ಲಿ. ಅದೇ 11 ಜನ ಮುನ್ನುಗ್ಗಲೂ ಬೇಕು, ಎದುರಾಳಿಯನ್ನು ತಡೆಯಲೂ ಬೇಕು. ಈಗಿನ ಹಾಗೆ ಅದಕ್ಕೊಂದು ಗುಂಪು, ಇದಕ್ಕೊಂದು ಗುಂಪು ಇರಲಿಲ್ಲ. ಕೋಚ್‌ಗೆ ಅಂತ ಬೇರೆ ಸಂಬಳ ಕೊಡುವಷ್ಟು ದುಡ್ಡು ಎಷ್ಟೋ ತಂಡಗಳ ಹತ್ತಿರ ಇರಲಿಲ್ಲ, ಹಾಗಾಗಿ ಆಟಗಾರರಲ್ಲೇ ಒಬ್ಬರು ಆ ಕೆಲಸವನ್ನೂ ಮಾಡುತ್ತಿದ್ದರು. ಶಿಕಾಗೊದ ಜಾರ್ಜ್ ಹಲಸ್, ಗ್ರೀನ್ ಬೇಯ ಕರ್ಲಿ ಲ್ಯಾಂಬೋ ಎಲ್ಲಾ ಹೀಗೇ ಬೆಳೆದವರು.

ಮೊದಲ ವರ್ಷ, ಅಂದರೆ 1920ರಲ್ಲಿ, ಆಕ್ರನ್ ಒಂದೂ ಪಂದ್ಯ ಸೋಲಲಿಲ್ಲ. 8 ಗೆಲುವು, 3 ಡ್ರಾ. ಇಡೀ ಋತುವಿನಲ್ಲಿ ಅವರ ಮೇಲೆ ಎದುರಾಳಿಗಳು ಗಳಿಸಿದ್ದು ಬರೀ 7 ಪಾಯಿಂಟ್. ಕೊನೆಯ ಪಂದ್ಯ ಶಿಕಾಗೊದಲ್ಲಿ, ಪೊಲಾರ್ಡ್ ಹುಟ್ಟಿ ಬೆಳೆದ ಊರಲ್ಲಿ, ಹಲಸ್ ಅವರ ತಂಡದ ಎದುರು. ಅದು 0-0. ಫೈನಲ್ ಅಂತ ಏನೂ ಇರಲಿಲ್ಲ, 1921ರ ಏಪ್ರಿಲ್‌ನಲ್ಲಿ ತಂಡದ ಮಾಲೀಕರು ಸಭೆ ಸೇರಿ ಮತ ಹಾಕಿ ಆಕ್ರನ್ ಚಾಂಪಿಯನ್ ಅಂದರು. ಆಟಗಾರರಿಗೆ ಫುಟ್‌ಬಾಲ್ ಆಕಾರದ ಪುಟ್ಟ ಚಿನ್ನದ ಪದಕ ಸಿಕ್ಕಿತು. ಅದರ ಮೇಲೆ ವರ್ಷ, ವಿಶ್ವ ಚಾಂಪಿಯನ್ ಎಂಬ ಅಕ್ಷರ, ಆಟಗಾರನ ಹೆಸರು. ಆ ವರ್ಷ ಲೀಗಿನಲ್ಲಿ ಪೊಲಾರ್ಡ್ ಬಿಟ್ಟರೆ ಇದ್ದ ಇನ್ನೊಬ್ಬ ಕಪ್ಪು ಆಟಗಾರ ಬಾಬಿ ಮಾರ್ಷಲ್.

ಪ್ರಶ್ನೆ (ಶಿವಮೊಗ್ಗದಿಂದ): ವರ್ಣಭೇದ ಅಷ್ಟೊಂದು ಇದ್ದ ಕಾಲದಲ್ಲಿ ಬಿಳಿಯರ ಮಧ್ಯೆ ಆಡೋದು, ಅವರಿಗೇ ಕೋಚ್ ಆಗೋದು ಹೇಗೆ ಸಾಧ್ಯವಾಯಿತು?

ಉತ್ತರ: ಸುಲಭವಾಗಿ ಅಂತೂ ಅಲ್ಲ. ಆಕ್ರನ್ ರಬ್ಬರಿನ ಊರು, ಅಮೆರಿಕದ ದೊಡ್ಡ ಟೈರ್ ಕಾರ್ಖಾನೆಗಳೆಲ್ಲಾ ಅಲ್ಲಿದ್ದವು. ದಕ್ಷಿಣದ ರಾಜ್ಯಗಳಿಂದ ಸಾವಿರಾರು ಬಿಳಿಯ ಕೂಲಿಗಳು ಕೆಲಸಕ್ಕೆ ಬಂದಿದ್ದರು, ಅಲ್ಲಿನ ದ್ವೇಷವನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದರು. ತನ್ನದೇ ಊರಿನ ತಂಡದ ಅತ್ಯುತ್ತಮ ಆಟಗಾರನನ್ನು ಬೈಯುತ್ತಿದ್ದವರು ಇವರೇ. ಹ್ಯಾಮಂಡ್, ಮಿಲ್ವಾಕಿ ಊರುಗಳಲ್ಲೂ ಕಾಟ ಇತ್ತು, ಆದರೆ ಆಕ್ರನ್‌ನಷ್ಟು ಇರಲಿಲ್ಲ ಎಂದು ಪೊಲಾರ್ಡ್ ವಯಸ್ಸಾದ ಮೇಲೆ ನೆನಪಿಸಿಕೊಂಡಿದ್ದಾರೆ.

ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಊಟಕ್ಕೂ ಬಿಡುತ್ತಿರಲಿಲ್ಲ. ತಂಡದ ಮಾಲೀಕರಲ್ಲಿ ಒಬ್ಬರಾದ ಫ್ರ್ಯಾಂಕ್ ನೀಡ್ ಅವರ ಚುಟ್ಟಾ ಕಾರ್ಖಾನೆಯಲ್ಲಿ ಇವರು ಬಟ್ಟೆ ಬದಲಿಸಬೇಕಿತ್ತು. ಸ್ವಲ್ಪ ಯೋಚನೆ ಮಾಡಿ. ಉಳಿದ ಆಟಗಾರರೆಲ್ಲಾ ಒಟ್ಟಿಗೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಈ ಕಡೆ ತಂಬಾಕಿನ ವಾಸನೆಯ ನಡುವೆ ಒಬ್ಬರೇ ಪಂದ್ಯದ ಬಟ್ಟೆ ಹಾಕಿಕೊಂಡು ಕಾರಿಗೆ ಕಾಯುತ್ತಿದ್ದಾರೆ. ಪಂದ್ಯ ಇನ್ನೇನು ಶುರುವಾಗಬೇಕು ಅನ್ನುವಾಗ ಕಾರು ಬಂದು ಅವರನ್ನು ಕರೆದುಕೊಂಡು ಹೋಗುತ್ತಿತ್ತು. ಬೇಗ ಹೋದರೆ ಜನರ ಕೈಗೆ ಸಿಗುತ್ತಾರೆ ಎಂಬ ಭಯ.

ಮೈದಾನದೊಳಗೆ ಇನ್ನೊಂದು ಥರದ ಅಪಾಯ. ಈ ಆಟದಲ್ಲಿ ಚೆಂಡು ಹಿಡಿದವನನ್ನು ಕೆಡವುತ್ತಾರೆ, ಅದು ನಿಯಮ. ಆದರೆ ಬಿದ್ದ ಮೇಲೂ ಮೊಣಕೈಯಲ್ಲಿ ಗುದ್ದೋದು, ಮೊಣಕಾಲು ಊರಿ ಹಾರೋದು ಮಾಡಿದರೆ? ಇವರಿಗೆ ಅದು ಪ್ರತಿ ಪಂದ್ಯದಲ್ಲೂ ಆಗುತ್ತಿತ್ತು. ಅದಕ್ಕೆ ಅಣ್ಣಂದಿರು ಕಲಿಸಿದ ಒಂದು ಉಪಾಯ ಇತ್ತು. ಬಿದ್ದ ತಕ್ಷಣ ಗರಕ್ಕನೆ ಬೆನ್ನ ಮೇಲೆ ಹೊರಳಿ, ಎರಡೂ ಕಾಲು ಮೇಲೆತ್ತಿ, ಸೈಕಲ್ ತುಳಿದ ಹಾಗೆ ಆಡಿಸುತ್ತಿದ್ದರು. ಬೂಟಿನ ಅಡಿಯ ಮೊಳೆಗಳು ನೇರ ಎದುರಾಳಿಯ ಮುಖದ ಕಡೆ. ಮೇಲೆ ಬೀಳಲು ಬಂದವನು ಅಲ್ಲೇ ನಿಲ್ಲುತ್ತಿದ್ದ. ರೆಫರಿ ಸೀಟಿ ಊದುತ್ತಾನೆ ಎಂದು ಕಾಯುವಂತಿರಲಿಲ್ಲ, ತಮ್ಮನ್ನು ತಾವೇ ಕಾಪಾಡಿಕೊಳ್ಳಬೇಕಿತ್ತು.

ಕೋಚ್ ಆಗಲು ಸಾಧ್ಯವಾಗಿದ್ದಕ್ಕೆ ಕಾರಣ ಸರಳ: ಅವರಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿತ್ತು. ಬ್ರೌನ್‌ನಲ್ಲಿ ಕಲಿತ ಆಟದ ಕ್ರಮಗಳನ್ನು ಆಕ್ರನ್ ತಂಡಕ್ಕೆ ತಂದಿದ್ದು ತಾನೇ ಎಂದು ಅವರು ಹೇಳಿದ್ದಾರೆ. ಆ ಕ್ರಮದಲ್ಲಿ ಆಡಿದಾಗ ತಂಡ ಗೆಲ್ಲುತ್ತಿತ್ತು, ಗೆದ್ದರೆ ಟಿಕೆಟ್ ಮಾರಾಟ ಆಗುತ್ತಿತ್ತು.

ಪ್ರಶ್ನೆ (ಬೆಂಗಳೂರಿನಿಂದ): ಭೂಪೇನ್ ಹಜಾರಿಕಾ ಅವರಿಗೆ ಸ್ಫೂರ್ತಿಯಾದ ಗಾಯಕ ಪಾಲ್ ರಾಬ್ಸನ್ ಕೂಡ ಇವರ ಜೊತೆ ಆಡಿದ್ದರಂತೆ, ನಿಜವೇ?

ಉತ್ತರ: ನಿಜ. ರಾಬ್ಸನ್ ರಟ್ಗರ್ಸ್ ವಿಶ್ವವಿದ್ಯಾಲಯದ ದೊಡ್ಡ ಆಟಗಾರ. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಕಾನೂನು ಓದುತ್ತಿದ್ದರು. 1921ರಲ್ಲಿ ಅವರನ್ನು ಆಕ್ರನ್‌ಗೆ ಕರೆಸಿಕೊಂಡವರು ಪೊಲಾರ್ಡ್. ಮುಂದಿನ ವರ್ಷ ಇಬ್ಬರೂ ಮಿಲ್ವಾಕಿ ಬ್ಯಾಜರ್ಸ್ ತಂಡಕ್ಕೆ ಹೋದರು. ಅಲ್ಲಿ ಜಿಮ್ ಥಾರ್ಪ್ ಅವರ ತಂಡವನ್ನು 13-0ರಿಂದ ಸೋಲಿಸಿದ ಪಂದ್ಯದಲ್ಲಿ ಎರಡೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸಿ ಅಂಕ ಗಳಿಸುವುದು) ರಾಬ್ಸನ್ ಅವರದ್ದೇ. ಆಮೇಲೆ ಅವರು ಹಾಡು, ನಾಟಕದ ಕಡೆ ಹೋದರು.

ಪ್ರಶ್ನೆ (ಉಡುಪಿಯಿಂದ): 1921ರಲ್ಲೇ ಕಪ್ಪು ಕೋಚ್ ಇದ್ದರೆ ಇನ್ನೊಬ್ಬರು ಬರಲು 68 ವರ್ಷ ಯಾಕೆ ಬೇಕಾಯಿತು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್, ಏಕೆಂದರೆ ನನ್ನನ್ನು ಜಾಸ್ತಿ ಕಾಡುವುದು ಇದೇ. ಮೊದಲು ಬಾಗಿಲು ಮುಚ್ಚಿತ್ತು, ನಿಧಾನಕ್ಕೆ ತೆರೆಯಿತು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಆಗಿದ್ದು ಹಾಗಲ್ಲ. ತೆರೆದಿದ್ದ ಬಾಗಿಲನ್ನು ಮುಚ್ಚಿದರು.

1920ರ ದಶಕದಲ್ಲಿ ಲೀಗ್ ಬಡವಾಗಿತ್ತು, ಜನ ಸೇರಿಸುವ ಆಟಗಾರ ಬೇಕಿತ್ತು. ಪೊಲಾರ್ಡ್ 1926ರವರೆಗೆ ಆಡಿದರು. ಆಕ್ರನ್, ಮಿಲ್ವಾಕಿ, ಹ್ಯಾಮಂಡ್, ಪ್ರಾವಿಡೆನ್ಸ್, ಮಧ್ಯದಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ ಊರಾದ ಗಿಲ್ಬರ್ಟನ್‌ನ ತಂಡ. ಆಮೇಲೆ ಲೀಗ್ ಸಣ್ಣ ಊರುಗಳನ್ನು ಬಿಟ್ಟು ದೊಡ್ಡ ನಗರಗಳಿಗೆ ಹೋಯಿತು. 1929ರ ನಂತರ ದೇಶದ ತುಂಬಾ ನಿರುದ್ಯೋಗ. 1933ರಲ್ಲಿ ಲೀಗಿನಲ್ಲಿ ಜೋ ಲಿಲಾರ್ಡ್, ರೇ ಕೆಂಪ್ ಎಂಬ ಇಬ್ಬರೇ ಕಪ್ಪು ಆಟಗಾರರು ಉಳಿದಿದ್ದರು. 1934ರಲ್ಲಿ ಒಬ್ಬರೂ ಇಲ್ಲ. 1945ರವರೆಗೂ ಒಬ್ಬರೂ ಇಲ್ಲ. ಕಾಗದದ ಮೇಲೆ ಯಾವ ನಿಯಮವೂ ಇರಲಿಲ್ಲ. ಅಂಥದ್ದೊಂದು ಒಪ್ಪಂದ ಇತ್ತು ಎಂದು ಮಾಲೀಕರು ಒಪ್ಪಿಕೊಳ್ಳಲೂ ಇಲ್ಲ. ಬರೆದಿಟ್ಟಿದ್ದರೆ ಕೊನೇಪಕ್ಷ ಬೆರಳು ಮಾಡಿ ತೋರಿಸಬಹುದಿತ್ತು. ಪೊಲಾರ್ಡ್ ಮಾತ್ರ ಕೊನೆಯವರೆಗೂ ಜಾರ್ಜ್ ಹಲಸ್ ಅವರನ್ನು ದೂರಿದರು. ಹಲಸ್ ಅದನ್ನು ಅಲ್ಲಗಳೆದರು.

ಪೊಲಾರ್ಡ್ ಸುಮ್ಮನೆ ಕೂರಲಿಲ್ಲ. 1928ರಲ್ಲಿ ಶಿಕಾಗೊದಲ್ಲಿ ಪೂರ್ತಿ ಕಪ್ಪು ಆಟಗಾರರ ತಂಡ ಕಟ್ಟಿ ಊರೂರು ಸುತ್ತಿ ಬಿಳಿಯರ ತಂಡಗಳ ಜೊತೆ ಆಡಿಸಿದರು. ಒಂದೇ ಮೈದಾನದಲ್ಲಿ ಇಬ್ಬರೂ ಜಗಳವಿಲ್ಲದೆ ಆಡಬಹುದು ಎಂದು ತೋರಿಸಬೇಕಿತ್ತು ಅವರಿಗೆ. 1935ರಿಂದ 1937ರವರೆಗೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಎಂಬ ತಂಡದ ಕೋಚ್ ಆಗಿದ್ದರು. ಬಾಕ್ಸರ್ ಜೋ ಲೂಯಿಸ್ ಅವರ ಅಡ್ಡಹೆಸರನ್ನೇ ತಂಡಕ್ಕೆ ಇಟ್ಟಿದ್ದರು. 1946ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಕೆನಿ ವಾಷಿಂಗ್ಟನ್, ವುಡಿ ಸ್ಟ್ರೋಡ್ ಅವರನ್ನು ತೆಗೆದುಕೊಂಡಿತು. ಅಂದರೆ ಆಟಗಾರರು ವಾಪಸ್ ಬರಲು 12 ವರ್ಷ. ಕೋಚ್ ಕುರ್ಚಿಗೆ ಅದಾದ ಮೇಲೂ 43 ವರ್ಷ.

ಪ್ರಶ್ನೆ (ದಾವಣಗೆರೆಯಿಂದ): ಅವರ ಮಕ್ಕಳಲ್ಲಿ ಯಾರಾದರೂ ಆಟಗಾರರಾದರೇ?

ಉತ್ತರ: ಹೌದು. ಮಗ ಫ್ರಿಟ್ಜ್ ಪೊಲಾರ್ಡ್ ಜೂನಿಯರ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಗೆದ್ದರು. ಹಿಟ್ಲರನ ಕಣ್ಣೆದುರು ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದರಲ್ಲ, ಅದೇ ಒಲಿಂಪಿಕ್ಸ್.

ಪ್ರಶ್ನೆ (ಕಲಬುರಗಿಯಿಂದ): ಆಟ ಬಿಟ್ಟ ಮೇಲೆ ಅವರ ಜೀವನ ಹೇಗಿತ್ತು? ಗೌರವ ಸಿಕ್ಕಿತೇ?

ಉತ್ತರ: ದುಡಿಮೆ ನಿಲ್ಲಿಸಿದವರೇ ಅಲ್ಲ. ಕಪ್ಪು ಜನರಿಗಾಗಿ ಹಣ ಹೂಡಿಕೆಯ ಕಂಪನಿ ನಡೆಸಿದರು, 1929ರ ನಂತರದ ಆರ್ಥಿಕ ಕುಸಿತದಲ್ಲಿ ಅದು ದಿವಾಳಿಯಾಯಿತು. ನ್ಯೂಯಾರ್ಕಿನಲ್ಲಿ ಪತ್ರಿಕೆ ನಡೆಸಿದರು. ಕಲಾವಿದರಿಗೆ ಅವಕಾಶ ಕೊಡಿಸುವ ಏಜೆಂಟ್ ಆದರು, ತೆರಿಗೆ ಸಲಹೆಗಾರರೂ ಆದರು.

1954ರಲ್ಲಿ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ದಿಗ್ಗಜರನ್ನು ಗೌರವಿಸುವ ಸಾಲಿಗೆ, ಸೇರಿದರು. 1981ರಲ್ಲಿ ಬ್ರೌನ್ ಗೌರವ ಡಾಕ್ಟರೇಟ್ ಕೊಟ್ಟಿತು. 1986ರ ಮೇ 11ರಂದು, 92ನೇ ವಯಸ್ಸಿನಲ್ಲಿ, ಮೇರಿಲ್ಯಾಂಡ್‌ನಲ್ಲಿ ತೀರಿಕೊಂಡರು. ಆರ್ಟ್ ಶೆಲ್ ಕೋಚ್ ಆಗಿದ್ದನ್ನು ನೋಡಲು ಇನ್ನು ಮೂರೇ ವರ್ಷ ಇರಬೇಕಿತ್ತು, ಅದನ್ನು ನೆನೆದರೆ ಸಂಕಟವಾಗುತ್ತದೆ.

ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವುದು ಕ್ಯಾಂಟನ್‌ನಲ್ಲಿ, ಲೀಗ್ ಹುಟ್ಟಿದ ಊರಲ್ಲೇ. ಅಲ್ಲಿಗೆ ಅವರನ್ನು ಸೇರಿಸಿಕೊಂಡಿದ್ದು 2005ರಲ್ಲಿ, ಡಾನ್ ಮರೀನೊ, ಸ್ಟೀವ್ ಯಂಗ್ ಅವರ ಜೊತೆ. ಈಗ ಅವರ ತಲೆಯ ಕಂಚಿನ ಪ್ರತಿಮೆ ಅಲ್ಲಿದೆ. ಅವರು ಬಟ್ಟೆ ಬದಲಿಸುತ್ತಿದ್ದ ಚುಟ್ಟಾ ಕಾರ್ಖಾನೆಯ ಊರು ಆಕ್ರನ್, ಅಲ್ಲಿಂದ ಕಾರಿನಲ್ಲಿ ಹೊರಟರೆ ಅರ್ಧ ಗಂಟೆ ದಾರಿ.